ನಕ್ಷತ್ರ ಸರಿ, ಹಾಸಿಗೆ ಎಲ್ಲಿ?

ಪ್ರವಾಸ ಕಥನ ಕೈಗೆ ಬಂದರೆ ನನಗೊಂದು ಚಾಳಿ. ಬೆಟ್ಟ ಹತ್ತಿದ್ದು, ಹೊಳೆ ದಾಟಿದ್ದು, ಕರಡಿ ಕಂಡದ್ದು ಇವನ್ನೆಲ್ಲ ಆಮೇಲೆ ಓದಿದರಾಯಿತೆಂದು ಬದಿಗಿಟ್ಟು, ಮೊದಲು ರಾತ್ರಿ ಯಾವ ಪುಟದಲ್ಲಿದೆ ಎಂದು ಹುಡುಕುತ್ತೇನೆ. ಇವರು ಎಲ್ಲಿ ಮಲಗಿದರು? ಕೆಳಗೆ ಏನು ಹಾಸಿಕೊಂಡರು? ಮೇಲೆ ಏನು ಹೊದ್ದುಕೊಂಡರು? ನಿದ್ದೆ ಬಂತೆ, ಇಲ್ಲವೆ? ಬಹುಪಾಲು ಪುಸ್ತಕಗಳು ಇಲ್ಲಿ ನನ್ನನ್ನು ನಿರಾಶೆಗೊಳಿಸುತ್ತವೆ. ಡೇರೆ ಹಾಕಿದೆವು, ಆಕಾಶದ ತುಂಬ ನಕ್ಷತ್ರ, ಮರುದಿನ ಮುಂಜಾನೆ ಐದಕ್ಕೆ ಎದ್ದೆವು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಓಡುತ್ತವೆ. ನಡುವಿನ ಆ ಏಳೆಂಟು ಗಂಟೆ ಎಲ್ಲಿ ಹೋಯಿತೋ ಕೇಳುವವರಿಲ್ಲ.

ಇದು ಕ್ಷುಲ್ಲಕ ಪ್ರಶ್ನೆ ಎಂದು ಮೂಗು ಮುರಿಯುವ ವಿಮರ್ಶಕರು ಇರಬಹುದು. ಇರಲಿ. ಮದುವೆ ಮನೆಯಲ್ಲಿ ಎಷ್ಟು ಜಮಖಾನ, ಎಷ್ಟು ದಿಂಬು, ಯಾವ ಅಜ್ಜನಿಗೆ ಗೋಡೆಯ ಪಕ್ಕ ಜಾಗ, ಯಾವ ಬಾಣಂತಿಗೆ ಗಾಳಿ ಬೀಸದ ಮೂಲೆ ಎಂದು ಲೆಕ್ಕ ಇಟ್ಟವರು ಯಾರು? ನಾವೇ ತಾನೆ. ಊರವರೆಲ್ಲ ಮಲಗಿದ ಮೇಲೆ ಉಳಿದ ಒಂದು ಚಾಪೆಯ ಮೇಲೆ ಕೈಯನ್ನೇ ದಿಂಬು ಮಾಡಿಕೊಂಡು ಒರಗಿದವರೂ ನಾವೇ. ಹಾಸಿಗೆಯ ವಿಚಾರದಲ್ಲಿ ಒಂದು ಪುಸ್ತಕ ಪ್ರಾಮಾಣಿಕವಾಗಿದೆಯೋ ಇಲ್ಲವೋ ಎಂದು ಹೇಳುವ ಅಧಿಕಾರ ನಮಗಿದೆ ಎಂದೇ ನನ್ನ ನಂಬಿಕೆ. ಈಗಂತೂ ನಮ್ಮ ಸಣ್ಣ ಊರುಗಳ ಹೆಣ್ಣುಮಕ್ಕಳು ಬೆನ್ನಿಗೆ ಚೀಲ ಏರಿಸಿ ಚಾರಣಕ್ಕೆ ಹೊರಡುತ್ತಿದ್ದಾರೆ. ಅವರಿಗೆ ನಕ್ಷತ್ರ ತೋರಿಸುವ ಪುಸ್ತಕಗಳು ಬೇಕಾದಷ್ಟಿವೆ. ಹಾಸಿಗೆ ತೋರಿಸುವವು ಕಡಿಮೆ.

ತೋರಿಸುವವರಲ್ಲಿ ನನಗೆ ಅತ್ಯಂತ ಇಷ್ಟವಾದವನು ರಾಬರ್ಟ್ ಲೂಯಿ ಸ್ಟೀವನ್‌ಸನ್. 1878ರ ಸೆಪ್ಟೆಂಬರ್ ಕೊನೆಯಲ್ಲಿ ಈತ ಫ್ರಾನ್ಸಿನ ದಕ್ಷಿಣದ ಸೆವೆನ್ ಬೆಟ್ಟಸಾಲಿನಲ್ಲಿ ಹನ್ನೆರಡು ದಿನ ನಡೆದ. ಸಾಮಾನು ಹೊರಲು ಮೊಡೆಸ್ಟೀನ್ ಎಂಬ ಹೆಣ್ಣು ಕತ್ತೆ; 65 ಫ್ರಾಂಕ್ ಮತ್ತು ಒಂದು ಲೋಟ ಬ್ರಾಂದಿ ಕೊಟ್ಟು ಕೊಂಡದ್ದು. ಮರುವರ್ಷ ಪ್ರಕಟವಾದ 'ಟ್ರಾವೆಲ್ಸ್ ವಿತ್ ಎ ಡಾಂಕಿ ಇನ್ ದ ಸೆವೆನ್' ಪುಸ್ತಕ ಶುರುವಾಗುವುದೇ ಹಾಸಿಗೆಯಿಂದ ಎನ್ನಬಹುದು. ಡೇರೆ ಬೇಡ ಎಂದು ಅವನು ಮೊದಲೇ ತೀರ್ಮಾನಿಸುತ್ತಾನೆ. ಒಬ್ಬಂಟಿಗೆ ಅದನ್ನು ಹಾಕುವುದೂ ಕಷ್ಟ, ಬಿಚ್ಚುವುದೂ ಕಷ್ಟ. ದಾರಿಹೋಕರಿಗೆಲ್ಲ ಇಲ್ಲೊಬ್ಬ ಮಲಗಿದ್ದಾನೆ ಎಂದು ಸಾರಿ ಹೇಳಿದಂತೆ ಬೇರೆ. ಅದಕ್ಕೆ ಬದಲು ಒಂದು ಮಲಗುಚೀಲ ಹೊಲಿಸುತ್ತಾನೆ. ಹೆಚ್ಚುಕಡಿಮೆ ಆರಡಿ ಚೌಕ, ಹೊರಗೆ ಗಾಡಿಗೆ ಹೊದಿಸುವ ನೀರಿಳಿಯದ ಹಸಿರು ಬಟ್ಟೆ, ಒಳಗೆ ನೀಲಿ ಕುರಿತುಪ್ಪಳ. ಹಗಲು ಅದೇ ಗಂಟು, ರಾತ್ರಿ ಅದೇ ಹಾಸಿಗೆ. ಆ ಕಾಲಕ್ಕೆ ಇದು ಹೊಸ ವಸ್ತು. ವೇಲ್ಸಿನ ವ್ಯಾಪಾರಿ ಪ್ರೈಸ್ ಜೋನ್ಸ್ ಉಣ್ಣೆಯ ಮಲಗುಚೀಲಕ್ಕೆ ಪೇಟೆಂಟ್ ಪಡೆದು ಆಗ ಎರಡೇ ವರ್ಷ. ಸ್ಟೀವನ್‌ಸನ್ ತನ್ನ ಚೀಲವನ್ನು ಬಣ್ಣಿಸುವುದು ನಮ್ಮ ಕಡೆಯ ಅಜ್ಜಿಯರು ತಾವು ಹೊಲಿದ ಕೌದಿಯನ್ನು ಬಣ್ಣಿಸುವ ಹಾಗಿದೆ. ಎಲ್ಲಿ ಮಡಿಕೆ, ಎಲ್ಲಿ ತಲೆ, ಎಷ್ಟು ಜನ ಹಿಡಿಸುತ್ತಾರೆ ಎಲ್ಲ ಇದೆ.

ಅವನು ಬಯಲಲ್ಲಿ ಕಳೆದ ರಾತ್ರಿಗಳಲ್ಲಿ ಮೂರನ್ನು ಪಕ್ಕಪಕ್ಕ ಇಟ್ಟು ಓದಬೇಕು. ಮೊದಲನೆಯದು ಗಾಳಿಮಳೆಯ ರಾತ್ರಿ. ಕತ್ತಲಲ್ಲಿ ದಾರಿ ತಪ್ಪಿ, ಹಳ್ಳಿಯವರು ಬಾಗಿಲು ತೆರೆಯದೆ, ಕಾಡಿನಲ್ಲಿ ಕೈಗೆ ಸಿಕ್ಕಿದ್ದನ್ನು ತಿಂದು ಚೀಲದೊಳಗೆ ಸೇರುತ್ತಾನೆ. ಸುಖವಾಗಿ ನಿದ್ದೆ ಬರುತ್ತದೆ, ಅವನಿಗೇ ಆಶ್ಚರ್ಯ. ಇನ್ನೊಂದು ಲೊಜೇರ್ ಬೆಟ್ಟದ ಪೈನ್ ಮರಗಳ ನಡುವೆ. ಪುಸ್ತಕದ ಪ್ರಸಿದ್ಧ ಅಧ್ಯಾಯ ಇದೇ. ನಡುರಾತ್ರಿ ಕಳೆದ ಮೇಲೆ ಒಮ್ಮೆ ಎಚ್ಚರವಾಗಿ, ನೀರು ಕುಡಿದು, ಸಿಗರೇಟು ಸೇದಿ, ಆಕಾಶ ನೋಡಿ, ಮತ್ತೆ ಮಲಗುತ್ತಾನೆ. ಬೆಳಗ್ಗೆ ಹೊರಡುವಾಗ ಕೋಣೆಯ ಬಾಡಿಗೆ ಎಂಬಂತೆ ಹುಲ್ಲಿನ ಮೇಲೆ ನಾಣ್ಯಗಳನ್ನು ಇಟ್ಟು ಹೋಗುತ್ತಾನೆ. ಮೂರನೆಯದು ತಾರ್ನ್ ನದಿಯ ಕಣಿವೆಯಲ್ಲಿ, ಚೆಸ್ಟ್‌ನಟ್ ಮರಗಳ ಕೆಳಗೆ. ಅದೇ ಚೀಲ, ಅದೇ ಮೈ, ಹವೆಯೂ ಹಿತವಾಗಿದೆ. ಆದರೂ ನಿದ್ದೆ ಸರಿಯಾಗಿ ಹತ್ತುವುದಿಲ್ಲ. ಅದು ಯಾರದೋ ಜಮೀನು, ಯಾರಾದರೂ ಬಂದು ನೋಡಿಯಾರು ಎಂಬ ಕಳವಳ. ಬೆಳಗಾಗುತ್ತಲೇ ಹಳ್ಳಿಗರು ಕೆಲಸಕ್ಕೆ ಬಂದೂಬಿಡುತ್ತಾರೆ.

ನಮ್ಮ ವಿಮರ್ಶಕರು ಪೈನ್ ಮರದ ರಾತ್ರಿಯನ್ನು ಮೆಚ್ಚುತ್ತಾರೆ. ನನಗೆ ಬೆಲೆಬಾಳುವುದು ಚೆಸ್ಟ್‌ನಟ್ ಮರದ ರಾತ್ರಿ. ಹಾಸು ಹೊದಿಕೆ ಎಷ್ಟೇ ಒಳ್ಳೆಯದಿರಲಿ, ಯಾರಾದರೂ ಬಂದಾರು ಎಂಬ ಯೋಚನೆ ಇದ್ದರೆ ನಿದ್ದೆ ಬಾರದು ಎಂದು ಒಬ್ಬ ಗಂಡಸು, ಅದೂ ಚೀಲದಲ್ಲಿ ರಿವಾಲ್ವರ್ ಇಟ್ಟುಕೊಂಡವನು, ಒಪ್ಪಿಕೊಳ್ಳುವ ಪುಟ ಅದು. ಅವನಿಗೆ ಅದು ಒಂದು ರಾತ್ರಿಯ ಅನುಭವ. ಹೆಣ್ಣಾದವಳಿಗೆ ಅದು ಎಲ್ಲ ರಾತ್ರಿಯ ಪೀಠಿಕೆ. ಈ ವ್ಯತ್ಯಾಸ ಅವನಿಗೆ ಹೊಳೆಯುವುದಿಲ್ಲ. ಪೈನ್ ಮರಗಳ ಕೆಳಗೆ ಅವನೂ ಒಬ್ಬ ಹೆಣ್ಣನ್ನು ನೆನೆಯುತ್ತಾನೆ. ಪ್ರೀತಿಸಿದವಳು ಮಾತಿಲ್ಲದೆ ಪಕ್ಕದಲ್ಲಿ ಮಲಗಿದ್ದರೆ ಬಯಲಿನ ಬಾಳು ಪೂರ್ಣವಾಗುತ್ತಿತ್ತು ಎನ್ನುತ್ತಾನೆ. ಅವನ ಮನಸ್ಸಿನಲ್ಲಿದ್ದ ಫ್ಯಾನಿ ಆಸ್‌ಬೋರ್ನ್ ಆಗಷ್ಟೇ ಅಮೆರಿಕಕ್ಕೆ ಹಿಂತಿರುಗಿದ್ದಳು. 1880ರಲ್ಲಿ ಇಬ್ಬರಿಗೂ ಮದುವೆಯಾಯಿತು. ವಿರಹದ ಮಾತು, ಒಪ್ಪೋಣ. ಆದರೆ ಆ ಕಲ್ಪನೆಯ ಹೆಣ್ಣಿಗೆ ಅಲ್ಲಿ ನಿದ್ದೆ ಬಂದೀತೆ, ಅವಳ ಸೊಂಟದ ಕೆಳಗೆ ಬೇರು ಒತ್ತೀತೆ ಎಂದು ಕೇಳುವ ಗೋಜಿಗೆ ಅವನು ಹೋಗುವುದಿಲ್ಲ. ಅವಳು ಅವನ ನಿದ್ದೆಗೆ ಒಂದು ಅಲಂಕಾರ.

ಸೊಂಟದ ಮಾತು ಬಂತಲ್ಲ, ನೆಲದ ವಿಚಾರವನ್ನು ಹೇಳಿಯೇ ಮುಂದೆ ಹೋಗೋಣ. ಬಯಲಲ್ಲಿ ಚಳಿ ಮೇಲಿನಿಂದ ಬರುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ಮೈಯ ಬಿಸಿಯನ್ನು ಬಿಡದೆ ಎಳೆದುಕೊಳ್ಳುವುದು ಕೆಳಗಿನ ನೆಲ. ಕಂಬಳಿಯಾಗಲಿ, ಹಕ್ಕಿಯ ಪುಕ್ಕ ತುಂಬಿದ ದುಬಾರಿ ಚೀಲವಾಗಲಿ, ಬೆಚ್ಚಗಿಡುವುದು ತನ್ನೊಳಗೆ ಹಿಡಿದ ಗಾಳಿಯಿಂದ. ನಾವು ಮಲಗಿದಾಗ ಮೈಭಾರಕ್ಕೆ ಕೆಳಭಾಗದ ಗಾಳಿಯೆಲ್ಲ ಹೊರಬಿದ್ದು, ಬರಿಯ ಬಟ್ಟೆ ಉಳಿಯುತ್ತದೆ. ಮೇಲೆ ಮೂರು ರಗ್ಗು ಹೊದ್ದರೂ ಬೆನ್ನು ತಣ್ಣಗಿರುವುದು ಇದಕ್ಕೇ. ಆದ್ದರಿಂದ ಚಾರಣಕ್ಕೆ ಹೋಗುವವರು ಕೆಳಗಿನ ಚಾಪೆಗೆ ಮೊದಲು ಗಮನ ಕೊಡಬೇಕು. ಫೋಮ್ ಚಾಪೆ, ಗಾಳಿ ತುಂಬುವ ಚಾಪೆ ಇವುಗಳ ಮೇಲೆ ಈಗ 'ಆರ್ ವ್ಯಾಲ್ಯೂ' ಎಂಬ ಅಂಕಿ ಅಚ್ಚಾಗಿರುತ್ತದೆ. ಅಂಕಿ ಹೆಚ್ಚಾದಷ್ಟೂ ನೆಲದ ಚಳಿ ದೂರ. ಸಾಧಾರಣ ಫೋಮ್ ಚಾಪೆಗೆ ಸುಮಾರು 2. ಹಿಮದ ಮೇಲೆ ಮಲಗುವುದಾದರೆ 4ಕ್ಕಿಂತ ಹೆಚ್ಚು ಬೇಕು. ಎರಡು ಚಾಪೆ ಒಂದರ ಮೇಲೊಂದು ಹಾಸಿದರೆ ಅಂಕಿಗಳನ್ನು ಕೂಡಿಕೊಳ್ಳಬಹುದು. ನಮ್ಮ ಅಜ್ಜಿಯರು ಚಾಪೆಯ ಮೇಲೆ ಜಮಖಾನ, ಅದರ ಮೇಲೆ ಕೌದಿ ಎಂದು ಹಾಸುತ್ತಿದ್ದುದೂ ಇದೇ ಲೆಕ್ಕಕ್ಕೆ.

ಇನ್ನು ಮಲಗುಚೀಲದ ಮೇಲಿನ ಚೀಟಿ. ನಾನು ಇದನ್ನೂ ಒಂದು ಕೃತಿ ಎಂದೇ ಓದುತ್ತೇನೆ. ಚಿಕ್ಕದಾದರೂ ಅದರಲ್ಲಿ ಹೆಣ್ಣುಗಂಡಿನ ಇಡೀ ಕಥೆಯಿದೆ. ಯುರೋಪಿನಲ್ಲಿ 2002ರಲ್ಲಿ ಇದಕ್ಕೊಂದು ಮಾನದಂಡ ಬಂತು. ಈಗ ಅದು ಅಂತರರಾಷ್ಟ್ರೀಯ ಮಾನದಂಡ. ಅದರ ಪ್ರಕಾರ ಚೀಟಿಯಲ್ಲಿ 'ಕಂಫರ್ಟ್' ಎಂದೊಂದು ಉಷ್ಣಾಂಶ, 'ಲಿಮಿಟ್' ಎಂದೊಂದು ಉಷ್ಣಾಂಶ ಇರುತ್ತದೆ. ಕಂಫರ್ಟ್ ಅಂದರೆ ಸಾಧಾರಣ ಮೈಕಟ್ಟಿನ ಹೆಂಗಸು ಮೈ ಸಡಿಲ ಬಿಟ್ಟು ಚಳಿಯಿಲ್ಲದೆ ಮಲಗಬಹುದಾದ ಉಷ್ಣಾಂಶ. ಲಿಮಿಟ್ ಅಂದರೆ ಸಾಧಾರಣ ಮೈಕಟ್ಟಿನ ಗಂಡಸು ಮುದುಡಿಕೊಂಡು ನಡುಗದೆ ಹೇಗೋ ರಾತ್ರಿ ನೂಕಬಹುದಾದ ಉಷ್ಣಾಂಶ. ಎರಡಕ್ಕೂ ಐದಾರು ಡಿಗ್ರಿ ಅಂತರ. ಈಗ ಅಂಗಡಿಯಲ್ಲಿ ನೋಡಿ. ಎಷ್ಟೋ ಚೀಲಗಳ ಮೇಲೆ ದೊಡ್ಡಕ್ಷರದಲ್ಲಿರುವುದು ಗಂಡಸಿನ ಅಂಕಿ. ಹೆಂಗಸಿನದು ಒಳಗಿನ ಪುಟ್ಟ ಚೀಟಿಯಲ್ಲಿ. ಸೊನ್ನೆ ಡಿಗ್ರಿಯ ಚೀಲ ಎಂದು ನಂಬಿ ಕೊಂಡ ಹುಡುಗಿ ಬೆಟ್ಟದ ಮೇಲೆ ರಾತ್ರಿಯೆಲ್ಲ ನಡುಗಿ, ನನಗೇ ತಾಕತ್ತಿಲ್ಲ ಎಂದುಕೊಳ್ಳುತ್ತಾಳೆ. ತಾಕತ್ತಿಗೇನೂ ಕೊರತೆಯಿಲ್ಲ ತಾಯಿ, ನೀನು ಓದಿದ್ದು ಇನ್ನೊಬ್ಬರ ಅಂಕಿ.

ಒಳ್ಳೆಯ ಪುಸ್ತಕವೊಂದು ಹೇಳಬೇಕಾದ ಸಣ್ಣ ಮಾತುಗಳು ಇನ್ನೂ ಇವೆ. ರಾತ್ರಿಯ ತಣ್ಣನೆಯ ಗಾಳಿ ಭಾರವಾದದ್ದು, ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಹಳ್ಳದ ದಂಡೆಗಿಂತ ಸ್ವಲ್ಪ ಮೇಲಿನ ಜಾಗ ಬೆಚ್ಚಗಿರುತ್ತದೆ. ಚೀಲದೊಳಗೆ ಮುಖ ಮುಚ್ಚಿಕೊಂಡರೆ ಉಸಿರಿನ ತೇವಕ್ಕೆ ಚೀಲವೇ ಒದ್ದೆಯಾಗುತ್ತದೆ. ಪುಕ್ಕದ ಚೀಲ ಒದ್ದೆಯಾದರೆ ಬಿಸಿ ಹಿಡಿಯದು. ಮಲಗುವ ಮುನ್ನ ಏನಾದರೂ ತಿನ್ನಬೇಕು, ಒಣ ಕಾಲುಚೀಲ ಹಾಕಬೇಕು. ಎಲ್ಲಕ್ಕಿಂತ ಮುಖ್ಯ, ಮಲಗುವ ಮುಂಚೆ ಮೂತ್ರಕ್ಕೆ ಹೋಗಿ ಬರಬೇಕು. ಇದನ್ನು ಯಾವ ಪ್ರವಾಸ ಕಥನವೂ ಬರೆಯದು. ಕತ್ತಲಿಗೆ ಹೆದರಿ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುವ ಹುಡುಗಿಯರನ್ನು ನಾನು ಚಾರಣದ ತಂಡಗಳಲ್ಲಿ ಕಂಡಿದ್ದೇನೆ. ನೀರಿಲ್ಲದೆ ತಲೆನೋವು, ತಲೆನೋವಿಗೆ ನಿದ್ದೆಯಿಲ್ಲ. ಜೊತೆಗೆ ಇನ್ನೊಬ್ಬಳು ಟಾರ್ಚ್ ಹಿಡಿದು ನಿಂತರೆ ಮುಗಿಯುವ ಕೆಲಸ ಅದು.

ನಮ್ಮಲ್ಲಿ ಒಂದು ಗಾದೆಯಿದೆ, ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ. ಗಾದೆ ಚೆನ್ನಾಗಿದೆ. ಆದರೆ ಅದು 'ಇಲ್ಲದವನಿಗೆ' ಎನ್ನುತ್ತದೆ, 'ಇಲ್ಲದವಳಿಗೆ' ಎನ್ನುವುದಿಲ್ಲ. ಸಂತೆಯಲ್ಲಿ ಹೆಂಗಸು ಮಲಗಿದರೆ ಚಿಂತೆ ಅವಳಿಗಿಲ್ಲದಿದ್ದರೂ ಸಂತೆಗೆ ಇರುತ್ತದೆ. ನಾನು ಬೆಳೆದ ಬಯಲುಸೀಮೆಯಲ್ಲಿ ಬೇಸಗೆ ಬಂತೆಂದರೆ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಹುಡುಗಿಯರು ಒಂದು ವಯಸ್ಸಿಗೆ ಬರುತ್ತಲೇ ಅವರ ಹಾಸಿಗೆ ಸದ್ದಿಲ್ಲದೆ ಕೆಳಗಿಳಿದು, ಒಳಮನೆಯ ಸೆಕೆಗೆ ಸೇರುತ್ತಿತ್ತು. ಅಣ್ಣತಮ್ಮಂದಿರಿಗೆ ಮಾಳಿಗೆ ಹಾಗೇ ಉಳಿಯುತ್ತಿತ್ತು. ಯಾರೂ ಇದಕ್ಕೆ ಕಾರಣ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಆದ್ದರಿಂದಲೇ ಬಯಲಲ್ಲಿ ಮಲಗಿದ ಹೆಂಗಸರ ಪುಸ್ತಕಗಳನ್ನು ನಾನು ಸಾಹಸಕಥೆಗಳೆಂದು ಓದಲಾರೆ. ಕಳೆದುಕೊಂಡ ಮಾಳಿಗೆಯನ್ನು ಮರಳಿ ಪಡೆದವರ ಕಥೆಗಳಂತೆ ಅವು ನನಗೆ ಕಾಣುತ್ತವೆ.

ಅವರಲ್ಲಿ ಹಿರಿಯಳು ಎಮ್ಮಾ ಗೇಟ್‌ವುಡ್. ಅಮೆರಿಕದ ಒಹಾಯೊದವಳು, ಹನ್ನೊಂದು ಮಕ್ಕಳ ತಾಯಿ. 1955ರಲ್ಲಿ, ತನ್ನ 67ನೇ ವಯಸ್ಸಿನಲ್ಲಿ, ಸುಮ್ಮನೆ ಸ್ವಲ್ಪ ನಡೆದು ಬರುತ್ತೇನೆ ಎಂದು ಮಕ್ಕಳಿಗೆ ಹೇಳಿ ಹೊರಟವಳು, ಜಾರ್ಜಿಯಾದಿಂದ ಮೇನ್‌ವರೆಗಿನ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿಯನ್ನು ಪೂರ್ತಿ ನಡೆದಳು. ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದಾರಿ, 146 ದಿನ. ಒಂದೇ ಋತುವಿನಲ್ಲಿ ಅದನ್ನು ಒಬ್ಬಳೇ ಮುಗಿಸಿದ ಮೊದಲ ಹೆಂಗಸು. ಅವಳ ಹಾಸಿಗೆ ಏನು ಗೊತ್ತೆ? ಡೇರೆಯಿಲ್ಲ, ಮಲಗುಚೀಲವಿಲ್ಲ. ಮನೆಯಲ್ಲೇ ಹೊಲಿದ ಒಂದು ದಪ್ಪ ಬಟ್ಟೆಯ ಚೀಲ, ಅದರಲ್ಲಿ ಒಂದು ಕಂಬಳಿ, ಒಂದು ರೇನ್‌ಕೋಟು, ಬಚ್ಚಲಿಗೆ ಕಟ್ಟುವ ಪ್ಲಾಸ್ಟಿಕ್ ಪರದೆ. ಮಳೆ ಬಂದರೆ ಪರದೆಯೇ ಸೂರು. ಒಣಗಿದ ಎಲೆಗಳನ್ನು ಗುಡ್ಡೆ ಹಾಕಿಕೊಂಡು ಮಲಗಿದ್ದುಂಟು, ಯಾರದೋ ಮನೆಯ ಜಗಲಿಯ ಮೇಲೆ ಮಲಗಿದ್ದುಂಟು. ಚಳಿ ಹೆಚ್ಚಾದಾಗ ಚಪ್ಪಟೆ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ ಅವುಗಳ ಮೇಲೆ ಒರಗಿದ್ದೂ ಉಂಟು. ಚಳಿ ನೆಲದಿಂದ ಬರುತ್ತದೆ ಎಂಬುದು ಅವಳಿಗೆ ಯಾವ ಚೀಟಿಯ ಸಹಾಯವೂ ಇಲ್ಲದೆ ಗೊತ್ತಿತ್ತು.

ಆಗಿನ ಪತ್ರಿಕೆಗಳು ಅವಳನ್ನು 'ಗ್ರ್ಯಾಂಡ್‌ಮಾ' ಎಂದು ಕರೆದು, ಇದೊಂದು ಮೋಜು ಎಂಬಂತೆ ಬರೆದವು. 2014ರಲ್ಲಿ ಬೆನ್ ಮಾಂಟ್ಗೊಮರಿ ಬರೆದ ಅವಳ ಜೀವನಚರಿತ್ರೆ ಆ ಮೋಜಿನ ಹಿಂದಿದ್ದುದನ್ನು ತೆರೆಯಿತು. ದಶಕಗಳ ಕಾಲ ಅವಳು ಗಂಡನ ಹೊಡೆತ ತಿಂದವಳು, ಕೊನೆಗೆ ವಿಚ್ಛೇದನ ಪಡೆದವಳು. ಸಂಸಾರ ಕಾಲದಲ್ಲೂ ಸಮಾಧಾನಕ್ಕೆಂದು ಅವಳು ಹೋಗುತ್ತಿದ್ದುದು ಕಾಡಿಗೇ. ಈ ಸಂಗತಿ ತಿಳಿದ ಮೇಲೆ ಆ ಪ್ಲಾಸ್ಟಿಕ್ ಪರದೆ ನನಗೆ ಬೇರೆಯಾಗಿಯೇ ಕಾಣುತ್ತದೆ. ಬಯಲು ಅಪಾಯ, ಮನೆ ಸುರಕ್ಷಿತ ಎಂದು ನಮ್ಮನ್ನು ಮಾಳಿಗೆಯಿಂದ ಇಳಿಸಿದವರ ಲೆಕ್ಕ ಇಲ್ಲಿ ಕೆಡುತ್ತದೆ. ನಾಲ್ಕು ಗೋಡೆ, ಮೇಲೊಂದು ಸೂರು, ಮೆತ್ತನೆಯ ಹಾಸಿಗೆ ಎಲ್ಲ ಇದ್ದೂ ಭಯದಿಂದ ಕಣ್ಣು ಮುಚ್ಚದ ಹೆಂಗಸರು ಎಷ್ಟು ಊರುಗಳಲ್ಲಿಲ್ಲ! ಪುಸ್ತಕದ ಮೇಲೆ ನನ್ನದೊಂದು ಆಕ್ಷೇಪವಿದೆ. ಅದು ಅವಳ ನಡಿಗೆಯನ್ನು ಹಿಂಬಾಲಿಸಿದಷ್ಟು ಅವಳ ನಿದ್ದೆಯನ್ನು ಹಿಂಬಾಲಿಸುವುದಿಲ್ಲ. ಎಲ್ಲಿ ಮಲಗಿದಳು ಎಂಬುದು ಸಿಗುತ್ತದೆ. ಮೊದಲ ಬಾರಿಗೆ ಹೆದರಿಕೆಯಿಲ್ಲದೆ ಮಲಗಿದ್ದು ಯಾವ ರಾತ್ರಿ ಎಂಬುದು ಸಿಗುವುದಿಲ್ಲ. ಹಾಗೊಂದು ರಾತ್ರಿ ಇತ್ತೋ ಇಲ್ಲವೋ, ಕೇಳಿಯಾದರೂ ಕೇಳಬೇಕಿತ್ತು.

ಆಸ್ಟ್ರೇಲಿಯದ ರಾಬಿನ್ ಡೇವಿಡ್‌ಸನ್ ತನ್ನ ಕಥೆಯನ್ನು ತಾನೇ ಬರೆದವಳು. 1977ರಲ್ಲಿ ಅವಳು ನಾಲ್ಕು ಒಂಟೆ, ಒಂದು ನಾಯಿಯ ಜೊತೆ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಿಂದ ಹಿಂದೂ ಮಹಾಸಾಗರದ ತೀರದವರೆಗೆ ಮರುಭೂಮಿಯಲ್ಲಿ ಸುಮಾರು 2,700 ಕಿಲೋಮೀಟರ್ ನಡೆದಳು. 1980ರಲ್ಲಿ ಬಂದ 'ಟ್ರ್ಯಾಕ್ಸ್' ಆ ನಡಿಗೆಯ ಪುಸ್ತಕ. ಸ್ವ್ಯಾಗ್ ಎಂದು ಅವರು ಕರೆಯುವ ಕ್ಯಾನ್ವಾಸ್ ಸುರುಳಿ ಹಾಸಿಗೆ, ಪಕ್ಕದಲ್ಲಿ ಬೆಂಕಿ, ಕಾಲಿಗೆ ಕಟ್ಟು ಹಾಕಿ ಮೇಯಲು ಬಿಟ್ಟ ಒಂಟೆಗಳ ಕೊರಳ ಗಂಟೆ. ಗಂಟೆ ಕೇಳುತ್ತಿದ್ದರೆ ಒಂಟೆಗಳು ಹತ್ತಿರದಲ್ಲಿವೆ, ಅಷ್ಟಿದ್ದರೆ ನಿದ್ದೆ. ದಾರಿಯ ಕೊನೆಯ ಭಾಗದಲ್ಲಿ ನಾಯಿ ವಿಷದ ತುಣುಕು ತಿಂದು ಸಾಯುತ್ತದೆ. ಅದಾದ ಮೇಲಿನ ರಾತ್ರಿಗಳನ್ನು ಓದುವಾಗ, ಪಕ್ಕದಲ್ಲಿ ಮಲಗುವ ಜೀವವೊಂದು ಹಾಸಿಗೆಯ ಎಷ್ಟು ದೊಡ್ಡ ಭಾಗ ಎಂದು ಅರಿವಾಗುತ್ತದೆ.

ಇದೇ ಹೆಂಗಸು ಮುಂದೆ ನಮ್ಮ ದೇಶಕ್ಕೆ ಬಂದು, ರಾಜಸ್ಥಾನ ಗುಜರಾತುಗಳ ರಬಾರಿ ಎಂಬ ಅಲೆಮಾರಿ ಪಶುಪಾಲಕರ ಜೊತೆ ತಿರುಗಿ 1996ರಲ್ಲಿ 'ಡೆಸರ್ಟ್ ಪ್ಲೇಸಸ್' ಬರೆದಳು. ಎರಡೂ ಪುಸ್ತಕಗಳನ್ನು ಜೊತೆಗಿಟ್ಟು ಓದಬೇಕೆಂದು ನನ್ನ ಶಿಫಾರಸು. ಜನರೇ ಇಲ್ಲದ ಮರುಭೂಮಿಯಲ್ಲಿ ಅವಳು ನೆಮ್ಮದಿಯಾಗಿದ್ದಳು. ಇಲ್ಲಿ, ಸುತ್ತ ಜನ, ಎಲ್ಲರೂ ನೋಡುವವರೇ. ಎಲ್ಲಿ ನಿಂತರೂ ಗುಂಪು, ಕುತೂಹಲದ ಕಣ್ಣು, ಪ್ರಶ್ನೆ. ಕಾಯಿಲೆ, ದಣಿವು, ಸಿಟ್ಟು ಪುಸ್ತಕದ ತುಂಬ. ಅವಳ ಸಿಟ್ಟು ಕೆಲವು ಕಡೆ ಅತಿಯೆನಿಸಿದ್ದು ನಿಜ. ಅತಿಥಿ ಹೀಗೆ ಗೊಣಗಬಾರದು ಎಂದೂ ಅನಿಸಿತು. ಆಮೇಲೆ ಯೋಚಿಸಿದೆ. ಆ ರಬಾರಿ ಹೆಂಗಸರು ಅದೇ ಬಯಲಲ್ಲಿ ಮಲಗುತ್ತಾರಲ್ಲ? ಅವರಿಗೆ ನಿದ್ದೆ ಕೊಡುವುದು ಏನು? ತಮ್ಮವರು ಸುತ್ತ ಮಲಗಿದ್ದಾರೆ ಎಂಬ ಧೈರ್ಯ. ಡೇವಿಡ್‌ಸನ್‌ಗೆ ಏಕಾಂತ ಹಾಸಿಗೆಯಾದರೆ ಅವರಿಗೆ ಗುಂಪು ಹಾಸಿಗೆ. ಯಾವುದು ಸರಿ ಎಂದು ತೀರ್ಪು ಕೊಡುವ ಅಗತ್ಯವಿಲ್ಲ. ನಮ್ಮ ಹುಡುಗಿಯರಿಗೆ ಎರಡರಲ್ಲಿ ಆರಿಸಿಕೊಳ್ಳುವ ಅವಕಾಶ ಇದ್ದರೆ ಸಾಕು.

ಬಚೇಂದ್ರಿ ಪಾಲ್ ಅವರ ಒಂದು ರಾತ್ರಿಯನ್ನೂ ಇಲ್ಲಿ ನೆನೆಯಲೇಬೇಕು. 1984ರ ಮೇ 15ರ ರಾತ್ರಿ ಎವರೆಸ್ಟಿನ ಹಾದಿಯ ಮೂರನೇ ಶಿಬಿರದಲ್ಲಿ, ಸುಮಾರು 24,000 ಅಡಿ ಎತ್ತರದಲ್ಲಿ ಅವರು ಗಾಢ ನಿದ್ದೆಯಲ್ಲಿದ್ದಾಗ ಹಿಮಪಾತ ಡೇರೆಯ ಮೇಲೆ ಬಿತ್ತು. ಜೊತೆಗಿದ್ದವರು ಚಾಕುವಿನಿಂದ ಡೇರೆ ಸೀಳಿ ಅವರನ್ನು ಹೊರಗೆಳೆದರು. ಗಾಯಗೊಂಡ ಅನೇಕರು ಕೆಳಗಿಳಿದರು, ಬಚೇಂದ್ರಿ ಇಳಿಯಲಿಲ್ಲ. ಮೇ 23ರಂದು ಶಿಖರ ಮುಟ್ಟಿದರು. ತಮ್ಮ ಆತ್ಮಕಥನದಲ್ಲಿ ಇದನ್ನು ಅವರು ಎಲ್ಲಿಯೂ ದನಿ ಎತ್ತರಿಸದೆ ಹೇಳಿದ್ದಾರೆ. ಶಿಖರದ ಫೋಟೋವನ್ನು ಎಲ್ಲರೂ ನೋಡಿದ್ದೇವೆ. ಆ ಏಟು ತಿಂದ ಮೇಲೆ ಮತ್ತೆ ಅದೇ ಹಿಮದ ಮೇಲೆ, ಅದೇ ಬಗೆಯ ಡೇರೆಯಲ್ಲಿ ಮಲಗಿದ ಮುಂದಿನ ರಾತ್ರಿಗಳು ನನಗೆ ಶಿಖರದಷ್ಟೇ ದೊಡ್ಡವು.

ಕನ್ನಡದ ಮಾತಿಗೆ ಬರೋಣ. ಬಯಲಲ್ಲಿ ಮಲಗುವುದು ನಮ್ಮ ಹೆಂಗಸರಿಗೆ ಹೊಸದೇನಲ್ಲ. ಹನ್ನೆರಡನೇ ಶತಮಾನದಲ್ಲೇ ಅಕ್ಕಮಹಾದೇವಿ ಮನೆ ಬಿಟ್ಟು ನಡೆದಳು. ಪಾಳುಬಿದ್ದ ಗುಡಿಗಳನ್ನು ತನ್ನ ಮಲಗುವ ತಾಣವೆಂದು ವಚನದಲ್ಲಿ ಎಣಿಸಿದಳು. ಇಂದಿಗೂ ಯುಗಾದಿಯ ಹೊತ್ತಿಗೆ ಉತ್ತರ ಕರ್ನಾಟಕದ ಊರೂರುಗಳಿಂದ ಶ್ರೀಶೈಲಕ್ಕೆ ನಡೆಯುವವರಲ್ಲಿ ಹೆಂಗಸರಿದ್ದಾರೆ. ರಸ್ತೆಯ ಬದಿಯಲ್ಲಿ, ಮರದ ಕೆಳಗೆ ಸಾಲಾಗಿ ಮಲಗುತ್ತಾರೆ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಬಂದವರು ಚಕ್ಕಡಿಯ ಕೆಳಗೆ ಮಲಗುತ್ತಾರೆ. ಕುರಿಮಂದೆಯ ಹಿಂದೆ ಊರಿಂದೂರಿಗೆ ಹೋಗುವ ಕುರುಬರ ಹೆಂಗಸರು ಹೊಲದಲ್ಲೇ ಸಂಸಾರ ಹೂಡುತ್ತಾರೆ. ಅವರ ಕರಿಕಂಬಳಿ ಹಾಸಲೂ ಆಗುತ್ತದೆ, ಹೊದೆಯಲೂ ಆಗುತ್ತದೆ, ಮಳೆಗೆ ಕೊಪ್ಪೆಯೂ ಆಗುತ್ತದೆ. ತುಸು ನೆನೆದರೂ ಬೆಚ್ಚಗಿರುತ್ತದೆ. ಯಾವ ಜಾಗದಲ್ಲಿ ನೀರು ನಿಲ್ಲುತ್ತದೆ, ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಮಗುವನ್ನು ಎಲ್ಲಿ ಮಲಗಿಸಬೇಕು ಎಂಬುದು ಅವರಿಗೆ ಕರತಲಾಮಲಕ. ಇದು ಅವರಿಗೆ ಹವ್ಯಾಸವಲ್ಲ, ಬದುಕು. ಅದನ್ನು ಮರೆತು, ವಾರಾಂತ್ಯಕ್ಕೆ ಡೇರೆ ಬಾಡಿಗೆಗೆ ಹಿಡಿದ ನಾವು ಬಯಲನ್ನು ಕಂಡುಹಿಡಿದೆವು ಎಂದುಕೊಂಡರೆ ನಗೆಪಾಟಲು.

ಆದರೆ ಈ ತಿಳಿವಳಿಕೆ ಪುಸ್ತಕಕ್ಕೆ ಬಂದಿಲ್ಲ. ಬೆಟ್ಟ ಹತ್ತಿ ಬಂದ ನಮ್ಮ ಹುಡುಗಿಯರು ಬರೆದದ್ದನ್ನು ಓದಿದರೆ ಅಲ್ಲಿಯೂ ಅದೇ ನಕ್ಷತ್ರ, ಅದೇ ಸೂರ್ಯೋದಯ. ಗಂಡಸರ ಪುಸ್ತಕಗಳಿಂದ ಕಲಿತ ಮೌನ ಇದು. ಹೆದರಿಕೆಯಾಯಿತು ಎಂದು ಬರೆದರೆ ಮುಂದಿನ ಬಾರಿ ಮನೆಯಲ್ಲಿ ಕಳಿಸುವುದಿಲ್ಲ ಎಂಬ ಭಯವೂ ಇದ್ದೀತು. ಅದು ನನಗೆ ಅರ್ಥವಾಗುತ್ತದೆ. ಹಾಗಿದ್ದರೂ ಬರೆಯಬೇಕು ಎನ್ನುತ್ತೇನೆ. ಒಬ್ಬಳು ಬರೆಯದೆ ಬಿಟ್ಟದ್ದನ್ನು ಇನ್ನೊಬ್ಬಳು ಬೆಟ್ಟದ ಮೇಲೆ, ಕತ್ತಲಲ್ಲಿ, ಒಬ್ಬಳೇ ಮೊದಲಿನಿಂದ ಕಲಿಯಬೇಕಾಗುತ್ತದೆ.

ಮುಂದೆ ಚಾರಣದ ಪುಸ್ತಕ ಬರೆಯುವ ಕನ್ನಡತಿಗೆ ನನ್ನ ಬೇಡಿಕೆ ದೊಡ್ಡದೇನಿಲ್ಲ. ಶಿಖರದ ಎತ್ತರ ಬರೆ, ಹೂವಿನ ಬಣ್ಣ ಬರೆ, ಬೇಡವೆನ್ನುವುದಿಲ್ಲ. ಜೊತೆಗೆ ಒಂದು ಪುಟ ರಾತ್ರಿಗೆ ಕೊಡು. ಕೆಳಗೆ ಏನಿತ್ತು, ಮೇಲೆ ಏನಿತ್ತು, ಪಕ್ಕದಲ್ಲಿ ಯಾರಿದ್ದರು, ಯಾವ ಸದ್ದಿಗೆ ಎಚ್ಚರವಾಯಿತು, ಮತ್ತೆ ಹೇಗೆ ನಿದ್ದೆ ಹತ್ತಿತು ಎಂದು ಬರೆ. ಅದನ್ನು ಓದಿ ಯಾವುದೋ ಊರಿನ ಒಬ್ಬ ತಾಯಿ, ಮಗಳ ಚೀಲಕ್ಕೆ ಚಪಾತಿಯ ಜೊತೆ ಇನ್ನೊಂದು ಚಾಪೆ ತುರುಕಿ, ಹೋಗಿ ಬಾ ಎಂದಾಳು.